ಸೂಜಿಮೊನೆಯ ಕಾನೂನು

1883ರ ಆಗಸ್ಟ್‌ನಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಡಗು ಕಾರ್ಖಾನೆಯೊಂದರ 1,289 ಕೆಲಸಗಾರರಿಗೆ ಸಿಡುಬಿನ ಲಸಿಕೆ ಹಾಕಿದರು. ಆಗಿನ ಆ ಲಸಿಕೆ ಎಂದರೆ ಮೊದಲೇ ಲಸಿಕೆ ಹಾಕಿಸಿಕೊಂಡ ಯಾರದೋ ತೋಳಿನ ಬೊಕ್ಕೆಯಿಂದ ತೆಗೆದ ರಸ, ಜೊತೆಗೆ ಒಂದಿಷ್ಟು ಗ್ಲಿಸರಿನ್. ಅಕ್ಟೋಬರ್ ಹೊತ್ತಿಗೆ ಕಾರ್ಖಾನೆಯಲ್ಲಿ ಒಬ್ಬೊಬ್ಬರದೇ ಕಣ್ಣು ಹಳದಿಯಾಗತೊಡಗಿತು. ಮುಂದಿನ ಏಪ್ರಿಲ್‌ವರೆಗೆ 191 ಮಂದಿ ಕಾಮಾಲೆಗೆ ಬಿದ್ದರು. ಲೂರ್ಮನ್ ಎಂಬ ವೈದ್ಯರು ಕಾರಣ ಹುಡುಕುತ್ತ ಕೂತರು. ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೂ ಲಸಿಕೆಯ ನಂತರ ಕೆಲಸಕ್ಕೆ ಸೇರಿದವರಿಗೆ ಏನೂ ಆಗಿರಲಿಲ್ಲ. ಬೇರೆ ಕಡೆಯ ರಸದಿಂದ ಲಸಿಕೆ ಹಾಕಿಸಿಕೊಂಡವರೂ ಚೆನ್ನಾಗಿದ್ದರು. ಹಾಗಾದರೆ ತಪ್ಪು ಊಟದ್ದಲ್ಲ, ನೀರಿನದ್ದಲ್ಲ, ಆ ರಸದ್ದೇ ಎಂದು 1885ರಲ್ಲಿ ಅವರು ವರದಿ ಬರೆದರು.

ರಕ್ತದಿಂದ ರಕ್ತಕ್ಕೆ ದಾಟುವ ಕಾಮಾಲೆಯ ಮೊದಲ ಸ್ಪಷ್ಟ ದಾಖಲೆ ಎಂದು ವೈದ್ಯಕೀಯ ಇತಿಹಾಸದಲ್ಲಿ ಈ ವರದಿಗೆ ಹೆಸರಿದೆ. ನನಗೆ ಅದರಲ್ಲಿ ಹಿಡಿಸಿದ್ದು ಲೂರ್ಮನ್ ಕೇಳಿದ ಪ್ರಶ್ನೆ. ರೋಗ ಬಂದವನು ಏನು ಅಜಾಗರೂಕತೆ ಮಾಡಿದ ಎಂದು ಅವರು ವಿಚಾರಣೆ ನಡೆಸಲಿಲ್ಲ. ಅವನ ಚರ್ಮ ಗೀರಿ ಒಳಗೆ ಹೋದ ವಸ್ತು ಯಾವುದು, ಎಲ್ಲಿಂದ ಬಂತು ಎಂದು ಕೇಳಿದರು. ಆಸ್ಪತ್ರೆಗಳಲ್ಲಿ ದುಡಿಯುವವರ ವಿಷಯದಲ್ಲಿ ಆ ಪ್ರಶ್ನೆಯನ್ನು ನೆಟ್ಟಗೆ ಕೇಳಲು ಮತ್ತೆ ನೂರು ವರ್ಷ ಬೇಕಾಯಿತು.

ನಡುವೆ ಎಚ್ಚರಿಕೆಗಳು ಬರಲಿಲ್ಲವೆಂದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಅಮೆರಿಕದ ಸೈನಿಕರಿಗೆ ಹಾಕಿದ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ಸೀರಮ್ ಬೆರೆತಿತ್ತು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಸೋಂಕು ತಗುಲಿದವರು ಮೂರು ಲಕ್ಷಕ್ಕೂ ಹೆಚ್ಚೆಂದು ಆಮೇಲೆ ಲೆಕ್ಕ ಸಿಕ್ಕಿತು. ಸೈನ್ಯಕ್ಕೆ ಆದದ್ದು ದೊಡ್ಡ ಸುದ್ದಿ. 1949ರಲ್ಲಿ ರಕ್ತನಿಧಿಯ ನೌಕರರೊಬ್ಬರಿಗೆ ಕೆಲಸದಿಂದಲೇ ಈ ಕಾಯಿಲೆ ಬಂತೆಂದು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿ ಯಾರಿಗೂ ಸುದ್ದಿಯಾಗಲಿಲ್ಲ. ರಕ್ತದ ನಡುವೆ ಕೆಲಸ ಮಾಡುವವರಿಗೆ ಒಮ್ಮೆಯಾದರೂ ಕಾಮಾಲೆ ಬರುವುದು, ಮೀನುಗಾರನ ಕೈಗೆ ಮುಳ್ಳು ಚುಚ್ಚುವಷ್ಟೇ ಸಹಜ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಂತಿತ್ತು.

ಆ ಕಾಯಿಲೆಯ ವೈರಸ್ ಪತ್ತೆಯಾದ ಬಗೆಯಲ್ಲೇ ಒಬ್ಬ ಕೆಲಸಗಾರ್ತಿಯ ಪಾತ್ರವಿದೆ. ಫಿಲಡೆಲ್ಫಿಯಾದ ಬರೂಕ್ ಬ್ಲುಂಬರ್ಗ್ ಹುಡುಕುತ್ತಿದ್ದದ್ದು ಕಾಮಾಲೆಯನ್ನಲ್ಲ. ಊರೂರಿನ, ಜನಾಂಗ ಜನಾಂಗದ ರಕ್ತದಲ್ಲಿರುವ ವ್ಯತ್ಯಾಸಗಳನ್ನು. 1963ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವರ ತಂಡಕ್ಕೆ ಒಂದು ವಿಚಿತ್ರ ಪ್ರೋಟೀನು ಸಿಕ್ಕಿತು. ಅದನ್ನು 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಕರೆದರು. ಪತ್ತೆಹಚ್ಚುವ ವಿಧಾನ ಬಹಳ ಸರಳ. ಗಾಜಿನ ಮೇಲೆ ಅಗರ್ ಜೆಲ್ ಹರಡಿ, ಅದರಲ್ಲಿ ಪುಟ್ಟ ಪುಟ್ಟ ಗುಳಿ ತೋಡುವುದು. ಒಂದು ಗುಳಿಗೆ ಪರೀಕ್ಷೆಯ ಸೀರಮ್, ಪಕ್ಕದ ಗುಳಿಗೆ ಪ್ರತಿಕಾಯ ಇರುವ ಸೀರಮ್ ಬಿಡುವುದು. ಎರಡೂ ನಿಧಾನವಾಗಿ ಜೆಲ್‌ನೊಳಗೆ ಇಂಗಿ ಹರಡುತ್ತವೆ. ಹೊಂದಿಕೆಯಾದರೆ ಬೆಳಗಾಗುವಷ್ಟರಲ್ಲಿ ಎರಡರ ನಡುವೆ ಒಂದು ಬಿಳಿ ಗೆರೆ ಮೂಡಿರುತ್ತದೆ.

1967ರ ಮೊದಲ ತಿಂಗಳುಗಳಲ್ಲಿ ಆ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ಯಾಕೋ ಮೈ ಸರಿಯಿಲ್ಲ ಅನ್ನಿಸತೊಡಗಿತು. ತಾವು ನಿತ್ಯ ಮುಟ್ಟುವ ರಕ್ತದಲ್ಲಿರುವ ಆ ಪ್ರೋಟೀನಿಗೂ ಕಾಮಾಲೆಗೂ ಏನೋ ನಂಟಿದೆ ಎಂಬ ಗುಮಾನಿ ಅಷ್ಟರಲ್ಲೇ ತಂಡದಲ್ಲಿ ಹುಟ್ಟಿತ್ತು. ಒಂದು ಸಂಜೆ ಆಕೆ ತನ್ನದೇ ರಕ್ತದ ಸೀರಮ್ ತೆಗೆದು ಜೆಲ್‌ಗೆ ಬಿಟ್ಟರು. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ಮಸುಕಾದ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಗೆರೆ. ಆ ಪರೀಕ್ಷೆಯಿಂದ ಗುರುತಿಸಿದ ಮೊದಲ ವೈರಲ್ ಹೆಪಟೈಟಿಸ್ ಪ್ರಕರಣ ಅದು. ಆಮೇಲೆ ಆಕೆಗೆ ಕಾಮಾಲೆ ಕಾಣಿಸಿಕೊಂಡು, ಪುಣ್ಯಕ್ಕೆ ಪೂರ್ತಿ ಗುಣವೂ ಆಯಿತು. 1976ರಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಬ್ಲುಂಬರ್ಗ್ ಈ ಪ್ರಸಂಗವನ್ನು ಆಕೆಯ ಹೆಸರು ಹೇಳಿಯೇ ನೆನೆದರು. ವಿಜ್ಞಾನದ ದೃಷ್ಟಿಯಿಂದ ಅದೊಂದು ಶುಭ ಬೆಳಗು. ಕೆಲಸಗಾರ್ತಿಯ ಕಡೆಯಿಂದ ನೋಡಿದರೆ ಕೆಲಸದ ಜಾಗದಲ್ಲೇ ತಗುಲಿದ ಕಾಯಿಲೆ.

ಎಡಿನ್‌ಬರೊದಲ್ಲಿ ಅಂಥ ಅದೃಷ್ಟ ಇರಲಿಲ್ಲ. ಅಲ್ಲಿನ ರಾಯಲ್ ಇನ್‌ಫರ್ಮರಿಯ ಡಯಾಲಿಸಿಸ್ ಮತ್ತು ಮೂತ್ರಪಿಂಡ ಕಸಿ ವಿಭಾಗದಲ್ಲಿ 1969ರ ಮಧ್ಯದಿಂದ 1970ರ ಆಗಸ್ಟ್‌ವರೆಗೆ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ದಾಟುವ ಅದೇ ಕಾಮಾಲೆ, ಹಬ್ಬಿತು. ಡಯಾಲಿಸಿಸ್ ಎಂದರೆ ಮೈಯ ರಕ್ತವನ್ನೆಲ್ಲ ಕೊಳವೆಯಲ್ಲಿ ಹೊರಗೆ ಹರಿಸಿ, ಸೋಸಿ, ಮತ್ತೆ ಒಳಗೆ ಬಿಡುವ ಕೆಲಸ. ಕೊಳವೆ ಜೋಡಿಸುವವರು, ಯಂತ್ರ ತೊಳೆಯುವವರು, ಸೋರಿದ ರಕ್ತ ಒರೆಸುವವರು ಎಲ್ಲರೂ ಅಪಾಯದ ಎದುರೇ ನಿಂತವರು. ಸುಮಾರು 40 ಮಂದಿಗೆ ಕಾಯಿಲೆ ತಗುಲಿ 11 ಮಂದಿ ತೀರಿಕೊಂಡರು. ಆ ಹನ್ನೊಂದರಲ್ಲಿ ನಾಲ್ವರು ಆಸ್ಪತ್ರೆಯ ಸಿಬ್ಬಂದಿ.

ಬ್ರಿಟನ್ ಬೆಚ್ಚಿತು. ರೋಸೆನ್‌ಹೈಮ್ ನೇತೃತ್ವದ ಸಮಿತಿ 1972ರಲ್ಲಿ ವರದಿ ಕೊಟ್ಟಿತು: ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರ ರಕ್ತವನ್ನೂ ಸಿಬ್ಬಂದಿಯ ರಕ್ತವನ್ನೂ ಪರೀಕ್ಷಿಸಿ, ಸೋಂಕಿದ್ದವರಿಗೆ ಬೇರೆ ಕಡೆ ಬೇರೆ ಯಂತ್ರದಲ್ಲಿ ಚಿಕಿತ್ಸೆ ಕೊಡಿ, ಗ್ಲೌಸ್ ಹಾಕಿ. ಲಸಿಕೆ ಇನ್ನೂ ಹುಟ್ಟಿರದ ಕಾಲದಲ್ಲಿ ಇಷ್ಟೇ ಶಿಸ್ತಿನಿಂದ ಅಲ್ಲಿನ ಡಯಾಲಿಸಿಸ್ ವಿಭಾಗಗಳಲ್ಲಿ ಕಾಯಿಲೆ ಬಲು ಬೇಗ ಇಳಿಯಿತು. ಅಂದರೆ ದಾರಿ ಗೊತ್ತಿತ್ತು. ನಾಲ್ವರು ಸಹೋದ್ಯೋಗಿಗಳ ಸಾವು ಬೇಕಾಯಿತು ಅಷ್ಟೆ.

ಲಸಿಕೆಯೂ ಬಂತು. ಮರ್ಕ್ ಕಂಪನಿಯ ಮಾರಿಸ್ ಹಿಲ್‌ಮನ್ ಸೋಂಕಿತರ ರಕ್ತದ ಪ್ಲಾಸ್ಮಾದಿಂದಲೇ ವೈರಸ್ಸಿನ ಹೊರಕವಚವನ್ನು ಬೇರ್ಪಡಿಸಿ, ಉಳಿದ ಜೀವಾಂಶವೆಲ್ಲ ಸಾಯುವಂತೆ ಪೆಪ್ಸಿನ್, ಯೂರಿಯಾ, ಫಾರ್ಮಾಲ್ಡಿಹೈಡ್ ಮೂರರಲ್ಲೂ ಸಂಸ್ಕರಿಸಿದರು. ನ್ಯೂಯಾರ್ಕ್‌ನಲ್ಲಿ ವುಲ್ಫ್ ಜ್ಮುನೆಸ್ ಒಂದು ಸಾವಿರಕ್ಕೂ ಹೆಚ್ಚು ಸಲಿಂಗಿ ಪುರುಷರ ಮೇಲೆ ಪ್ರಯೋಗ ನಡೆಸಿ ಅದರ ಬಲವನ್ನು ಸಾಬೀತು ಮಾಡಿದರು. 1981ರ ನವೆಂಬರ್‌ನಲ್ಲಿ ಪರವಾನಗಿ ಸಿಕ್ಕಿತು.

ಅದೇ ವರ್ಷ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ತನ್ನ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ಬಗ್ಗೆ ಬರೆದಿತ್ತು. ಏಡ್ಸ್ ಕುರಿತ ಮೊದಲ ವರದಿ. ಲಸಿಕೆಗೆ ಬಳಸಿದ ಪ್ಲಾಸ್ಮಾದ ಪಾಲು ಸಲಿಂಗಿ ಪುರುಷರಿಂದ ಬಂದದ್ದು ಎಂಬ ಸುದ್ದಿಗೂ ಇದಕ್ಕೂ ಗಂಟುಬಿದ್ದು, ತಮ್ಮನ್ನು ಕಾಪಾಡಬೇಕಾದ ಲಸಿಕೆಗೇ ನರ್ಸ್‌ಗಳೂ ವೈದ್ಯರೂ ಹೆದರುವಂತಾಯಿತು. ಆ ಮೂರು ಸಂಸ್ಕರಣೆಗಳಲ್ಲಿ ಏಡ್ಸ್ ವೈರಸ್ಸೂ ಉಳಿಯದು ಎಂದು ಗೊತ್ತಾಗುವಷ್ಟರಲ್ಲಿ ವರ್ಷಗಳು ಕಳೆದವು. 1986ರಲ್ಲಿ ಯೀಸ್ಟ್‌ನಿಂದ ತಯಾರಿಸಿದ, ಯಾರ ರಕ್ತದ ಹಂಗೂ ಇಲ್ಲದ ಲಸಿಕೆ ಬಂದ ಮೇಲೆ ಭಯ ಕಳೆಯಿತು. ಉಳಿದದ್ದು ಬೆಲೆ: ಮೂರು ಡೋಸ್‌ಗೆ ಸುಮಾರು 100 ಡಾಲರ್. ಹಣ ಯಾರು ಕೊಡಬೇಕು? 1983ರಲ್ಲಿ ಕಾರ್ಮಿಕ ಸುರಕ್ಷತಾ ಇಲಾಖೆ 'ಓಶಾ' ಹೆಪಟೈಟಿಸ್ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತಾದರೂ ಅದು ಪಾಲಿಸಿದರೆ ಪಾಲಿಸಿ ಎಂಬಂಥದ್ದು. ಆ ವರ್ಷ ಒಂದರಲ್ಲೇ ಅಮೆರಿಕದ ಸುಮಾರು 17,000 ಆರೋಗ್ಯ ಸಿಬ್ಬಂದಿಗೆ ಹೆಪಟೈಟಿಸ್ ಬಿ ಸೋಂಕಿತ್ತೆಂದು ಸಿಡಿಸಿಯ ಅಂದಾಜು.

ಹದಿನೇಳು ಸಾವಿರ ಮಂದಿಗೆ ಸೋಂಕು ತಗುಲಿದರೂ ಏಳದ ಗದ್ದಲ 1984ರ ಕೊನೆಯಲ್ಲಿ ಒಬ್ಬ ನರ್ಸ್‌ನಿಂದ ಎದ್ದಿತು. ಆಫ್ರಿಕಾದಲ್ಲಿ ಸೋಂಕು ತಗುಲಿದ್ದ ರೋಗಿಯ ರಕ್ತವಿದ್ದ ಸೂಜಿ ಚುಚ್ಚಿ ಆಕೆಗೆ ಏಡ್ಸ್ ವೈರಸ್ ಬಂತೆಂದು ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು. ಲೆಕ್ಕದಲ್ಲಿ ನೋಡಿದರೆ ಎಚ್‌ಐವಿ ಹೆಪಟೈಟಿಸ್ ಬಿಗಿಂತ ಎಷ್ಟೋ ಸೋಮಾರಿ ವೈರಸ್: ಸೋಂಕಿನ ರಕ್ತದ ಸೂಜಿ ಸಾವಿರ ಸಲ ಚುಚ್ಚಿದರೆ ಮೂವರಿಗೆ ತಗುಲುತ್ತದೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಿಗೆ, ನೂರರಲ್ಲಿ ಆರರಿಂದ ಮೂವತ್ತು. ಆದರೆ ಭಯ ಲೆಕ್ಕ ನೋಡಿ ಬರುವುದಿಲ್ಲ. ಲಿವರ್ ಕೆಟ್ಟು ಹತ್ತು ವರ್ಷದ ಮೇಲೆ ಸಾಯುವ ವಾರ್ಡ್ ಆಯಾ ಯಾರ ಕಣ್ಣಿಗೂ ಬೀಳಳು. ಏಡ್ಸ್ ಎಂಬ ಹೆಸರು ಕೇಳಿದರೇ ಆಗ ಊರು ನಡುಗುತ್ತಿತ್ತು. ಹೆಪಟೈಟಿಸ್‌ನಿಂದ ಸತ್ತವರ ಪಾಲಿಗೆ ಕಾನೂನು ತಂದುಕೊಟ್ಟದ್ದು ಏಡ್ಸ್.

1987ರ ಆಗಸ್ಟ್‌ನಲ್ಲಿ ಸಿಡಿಸಿ ಸಾರಿದ 'ಸಾರ್ವತ್ರಿಕ ಮುನ್ನೆಚ್ಚರಿಕೆ' ಎಂಬ ತತ್ವ ಆ ಭಯದಿಂದ ಹುಟ್ಟಿದ ಒಂದು ವಿವೇಕ. ಅಲ್ಲಿಯವರೆಗೆ ಸೋಂಕಿದೆಯೆಂದು ಗೊತ್ತಾದ ರೋಗಿಯ ವಿಷಯದಲ್ಲಿ ಮಾತ್ರ ಎಚ್ಚರ, ಅವರ ಹಾಸಿಗೆಗೆ ಚೀಟಿ. ಇನ್ನು ಮುಂದೆ ಎಲ್ಲರ ರಕ್ತವೂ ಸೋಂಕಿನದೇ ಎಂದು ಭಾವಿಸಿ ಕೆಲಸ ಮಾಡಿ ಎಂದಿತು ಸಿಡಿಸಿ. ಎಲ್ಲರನ್ನೂ ಸಮನಾಗಿ ಅನುಮಾನಿಸಿದಾಗ ಯಾರೊಬ್ಬರೂ ಮೈಲಿಗೆಯಾಗುವುದಿಲ್ಲ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಮೂರಕ್ಷರ ಬರೆದು, ಆ ಹಾಸಿಗೆಗೆ ಎರಡು ಜೊತೆ ಗ್ಲೌಸ್, ಪಕ್ಕದ ಹಾಸಿಗೆಗೆ ಬರಿಗೈ ಎಂಬ ಚಾಳಿಯನ್ನು ನಮ್ಮ ಆಸ್ಪತ್ರೆಗಳಲ್ಲೂ ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಸಲಹೆ ಸಲಹೆಯೇ. ಅಷ್ಟರಲ್ಲಾಗಲೇ, 1986ರ ಸೆಪ್ಟೆಂಬರ್‌ನಲ್ಲಿ, ಆಸ್ಪತ್ರೆಯ ಆಯಾಗಳು, ಲಾಂಡ್ರಿ ನೌಕರರು, ಕಸ ಗುಡಿಸುವವರು, ನರ್ಸ್‌ಗಳು ಸದಸ್ಯರಾಗಿದ್ದ ಕಾರ್ಮಿಕ ಸಂಘಗಳು ಓಶಾದ ಬಾಗಿಲು ತಟ್ಟಿದ್ದವು. ಕಾರ್ಖಾನೆಯ ಸೀಸಕ್ಕೆ, ಆಸ್‌ಬೆಸ್ಟಾಸ್‌ಗೆ ನಿಯಮವಿದೆ, ರಕ್ತಕ್ಕೆ ಯಾಕಿಲ್ಲ? ತುರ್ತು ನಿಯಮ ಮಾಡಿ ಎಂದು ಕೇಳಿದರು. ತುರ್ತು ನಿಯಮ ಆಗದು, ಸಾಮಾನ್ಯ ದಾರಿಯಲ್ಲೇ ಹೋಗೋಣ ಎಂದಿತು ಓಶಾ. ಸಾಮಾನ್ಯ ದಾರಿ ಎಷ್ಟು ಉದ್ದ ಎಂಬುದು ಸರ್ಕಾರಿ ಕಚೇರಿಗೆ ಅಲೆದವರಿಗೆ ಹೇಳಬೇಕಿಲ್ಲ: ಮುನ್ಸೂಚನೆ 1987ರಲ್ಲಿ, ಕರಡು 1989ರಲ್ಲಿ, ಆಮೇಲೆ ಅಹವಾಲು.

ಈ ನಡುವೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜನೈನ್ ಜ್ಯಾಗರ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞೆ ಒಂದು ಬೇರೆಯೇ ಲೆಕ್ಕ ತೆಗೆಯುತ್ತಿದ್ದರು. ಅವರು ಮೊದಲು ಅಧ್ಯಯನ ಮಾಡಿದ್ದು ತಲೆಗೆ ಪೆಟ್ಟು ಬಿದ್ದವರನ್ನು. ಆ ಕಾಲಕ್ಕೆ ವಾಹನ ಸುರಕ್ಷತೆಯ ಚಿಂತನೆ ಒಂದು ಪಾಠ ಕಲಿತಿತ್ತು: ಚಾಲಕನಿಗೆ ಹುಷಾರು ಎಂದು ಹೇಳುವುದಕ್ಕಿಂತ ಸ್ಟಿಯರಿಂಗ್ ಎದೆಗೆ ನಾಟದಂತೆ ಕಾರನ್ನೇ ಕಟ್ಟುವುದು ಮೇಲು. ಸೂಜಿ ಚುಚ್ಚಿಕೊಂಡ ನೌಕರರ ಬಗ್ಗೆ ಆಸ್ಪತ್ರೆಗಳು ಬರೆಯುತ್ತಿದ್ದ ವರದಿಗಳಲ್ಲಾದರೋ ಕಾರಣದ ಜಾಗದಲ್ಲಿ ಒಂದೇ ಮಾತು: ಅಜಾಗರೂಕತೆ. ಮುಚ್ಚಳ ಮರಳಿ ಹಾಕಬೇಡಿ ಎಂದು ಹೇಳಿದ್ದೆವು, ಹಾಕಿದಳು, ಚುಚ್ಚಿಕೊಂಡಳು.

ಜ್ಯಾಗರ್ ತಂಡ ಸೂಜಿ ಚುಚ್ಚಿದ 326 ಪ್ರಕರಣಗಳನ್ನು ಹಿಡಿದು, ಚುಚ್ಚಿದ ಸಾಧನ ಯಾವ ಬಗೆಯದು ಎಂದು ವಿಂಗಡಿಸಿತು. ಆಮೇಲೆ ಆಸ್ಪತ್ರೆ ಆ ಬಗೆಯದನ್ನು ಎಷ್ಟು ಕೊಂಡಿತ್ತು ಎಂದು ನೋಡಿ ಭಾಗಿಸಿತು. ಈ ಭಾಗಾಕಾರದಲ್ಲೇ ಇಡೀ ಕಥೆಯಿದೆ. ಬರಿಯ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಮಾಮೂಲಿ ಸಿರಿಂಜು. ಮೂರರಲ್ಲಿ ಒಂದು ಗಾಯಕ್ಕೆ ಅದೇ ಕಾರಣ. ಆದರೆ ಲಕ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕಿದಾಗ ಸಿರಿಂಜಿನ ಪಾಲು 6.9 ಮಾತ್ರ. ಡ್ರಿಪ್ ಕೊಳವೆಯ ತುದಿಗೆ ಸೂಜಿ ಸಿಕ್ಕಿಸಿ ಇನ್ನೊಂದು ಡ್ರಿಪ್‌ಗೆ ಚುಚ್ಚುವ ಜೋಡಣೆಯದು 36.7. ಐದು ಪಟ್ಟಿಗೂ ಹೆಚ್ಚು. ಅದೇ ನರ್ಸ್, ಅದೇ ಕೈ, ಅದೇ ತರಬೇತಿ. ಸಾಧನ ಬದಲಾದರೆ ಗಾಯ ಐದು ಪಟ್ಟು. ಕೈ ಕೆಟ್ಟದ್ದೆಂದು ಹೇಳಲು ಇನ್ನು ಬಾಯಿ ಬರುವುದು ಹೇಗೆ?

ಇನ್ನೂ ಒಂದು ವಿಷಯ ಹೊರಬಂತು. ನೂರರಲ್ಲಿ ಎಪ್ಪತ್ತು ಗಾಯಗಳು ಬಳಸಿದ ಮೇಲೆ, ಬಿಸಾಡುವ ಮುಂಚೆ ಆದವು. ಮೂರರಲ್ಲಿ ಒಂದು ಮುಚ್ಚಳ ಹಾಕುವಾಗ. ಬೇಡವೆಂದರೂ ಯಾಕೆ ಹಾಕಿದಿರಿ ಎಂದು ಕೇಳಿದರೆ ಉತ್ತರ ಅವರ ಬಳಿಯೇ ಇತ್ತು. ಬಿಸಾಡುವ ಡಬ್ಬಿ ಇರುವುದು ಕೋಣೆಯ ಆ ಮೂಲೆಯಲ್ಲಿ. ಬರಿಯ ಸೂಜಿ ಹಿಡಿದು ಜನರ ನಡುವೆ ಹೋಗಲೇ? ಕೆಲವು ಸಾಧನಗಳನ್ನು ಬಿಚ್ಚದೆ ಬಿಸಾಡುವಂತೆಯೇ ಇಲ್ಲ. ಸೂಜಿ ಹಾಗೇ ಇರುವಾಗ ಬಿಚ್ಚಲೇ? ಎರಡು ಅಪಾಯಗಳಲ್ಲಿ ಕಡಿಮೆ ಎನಿಸಿದ್ದನ್ನು ಆರಿಸಿಕೊಳ್ಳುತ್ತಿದ್ದವರನ್ನು ಅಶಿಸ್ತಿನವರು ಎಂದು ಕರೆಯಲಾಗುತ್ತಿತ್ತು. 1988ರ ಆಗಸ್ಟ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಈ ಅಧ್ಯಯನವನ್ನು ಪ್ರಕಟಿಸಿತು. ಕೆಲಸ ಮುಗಿದೊಡನೆ ಕೈ ಸೂಜಿಯ ಹಿಂದೆಯೇ ಇದ್ದು ಮೊನೆ ತಾನಾಗಿ ಮರೆಯಾಗುವಂಥ ಸಾಧನ ಬೇಕು ಎಂಬುದು ಜ್ಯಾಗರ್ ವಾದ.

1991 ಬಂತು. ಆ ವರ್ಷ ಅಮೆರಿಕದ ಜನರ ಗಮನವೆಲ್ಲ ಇದಕ್ಕೆ ಉಲ್ಟಾ ಭಯದ ಮೇಲೆ. ಫ್ಲಾರಿಡಾದ ದಂತವೈದ್ಯನೊಬ್ಬನಿಂದ ಎಚ್‌ಐವಿ ತಗುಲಿದ ಕಿಂಬರ್ಲಿ ಬರ್ಗಾಲಿಸ್ ಎಂಬ ಯುವತಿ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಮುಂದೆ ಬಂದು ಸಾಕ್ಷ್ಯ ಹೇಳಿದರು. ವೈದ್ಯರಿಗೂ ನರ್ಸ್‌ಗಳಿಗೂ ಕಡ್ಡಾಯ ರಕ್ತ ಪರೀಕ್ಷೆ ಮಾಡಿಸಿ ಎಂಬ ಕೂಗು ಎದ್ದಿತು. ಸಿಬ್ಬಂದಿಯಿಂದ ರೋಗಿಗೆ ದಾಟುವುದು ತೀರ ಅಪರೂಪ, ರೋಗಿಯಿಂದ ಸಿಬ್ಬಂದಿಗೆ ದಾಟುವುದು ನಿತ್ಯದ ಮಾತು ಎಂದು ಹೇಳುವವರ ದನಿ ಆ ಗದ್ದಲದಲ್ಲಿ ಕೇಳುವಂತಿರಲಿಲ್ಲ. ಆದರೂ ಕಾಂಗ್ರೆಸ್ ಗಡುವು ವಿಧಿಸಿದ್ದರಿಂದ ಓಶಾ ಕೊನೆಗೂ ಕದಲಿತು. ಡಿಸೆಂಬರ್ 6ರಂದು 'ರಕ್ತಜನ್ಯ ರೋಗಾಣು ಮಾನದಂಡ' ಗೆಜೆಟ್‌ನಲ್ಲಿ ಪ್ರಕಟವಾಯಿತು. ಎರಡು ದಿನ ಬಿಟ್ಟು ಬರ್ಗಾಲಿಸ್ ತೀರಿಕೊಂಡರು. ಪತ್ರಿಕೆಗಳ ಮುಖಪುಟ ಯಾವುದಕ್ಕೆ ಹೋಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಆ ನಿಯಮ ಓದಲು ಒಣ. ಆದರೆ ಒಂದೊಂದು ಸಾಲಿನ ಹಿಂದೂ ಯಾರದೋ ಗಾಯವಿದೆ. ಕೆಲಸಕ್ಕೆ ಹಾಕಿದ ಹತ್ತು ಕೆಲಸದ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಮಾಲೀಕರ ಖರ್ಚಿನಲ್ಲೇ ಕೊಡಬೇಕು. ಗ್ಲೌಸ್, ಗೌನ್ ಅವರೇ ಕೊಡಬೇಕು. ರಕ್ತವಾದ ರಕ್ಷಣಾ ಬಟ್ಟೆ ಒಗೆಸುವ ಹೊಣೆಯೂ ಅವರದೇ, ನೌಕರ ಮನೆಗೆ ಒಯ್ಯುವಂತಿಲ್ಲ. ಎರಡು ಕೈ ಬಳಸಿ ಸೂಜಿಗೆ ಮುಚ್ಚಳ ಹಾಕಬಾರದು. ಸೂಜಿಯ ಡಬ್ಬಿ ಬಳಸುವ ಜಾಗದ ಹತ್ತಿರವೇ ಇರಬೇಕು, ತುಂಬಿ ತುಳುಕಬಾರದು. ಪ್ರಯೋಗಾಲಯದಲ್ಲಿ ರಕ್ತವನ್ನು ಬಾಯಿಂದ ಪಿಪೆಟ್‌ಗೆ ಎಳೆಯಬಾರದು. (ಹೌದು, ಅದನ್ನೂ ಬರೆಯಬೇಕಾಯಿತು.) ತರಬೇತಿ ಕೆಲಸದ ವೇಳೆಯಲ್ಲೇ, ಸಂಬಳ ಸಹಿತ. ಸುಮಾರು 56 ಲಕ್ಷ ನೌಕರರು ಇದರ ವ್ಯಾಪ್ತಿಗೆ ಬಂದರು: ನರ್ಸ್‌ಗಳಷ್ಟೇ ಅಲ್ಲ, ಆಂಬುಲೆನ್ಸ್‌ನವರು, ಅಗ್ನಿಶಾಮಕದವರು, ಶವಸಂಸ್ಕಾರದವರು, ಲಾಂಡ್ರಿಯವರು. ದಂತವೈದ್ಯರ ಸಂಘ ಕೋರ್ಟಿಗೆ ಹೋಯಿತು, 1993ರಲ್ಲಿ ಸೋತು ಬಂತು.

ಫಲ ಬಂದದ್ದು ಹೆಪಟೈಟಿಸ್ ಬಿ ಕಡೆಯಿಂದ. 1983ರಲ್ಲಿ 17,000 ಇದ್ದ ಅಂದಾಜು 1995ಕ್ಕೆ 400ಕ್ಕೆ ಇಳಿಯಿತು. ಲಸಿಕೆ ಅಷ್ಟರಲ್ಲಿ ಹಳೆಯದಾಗಿತ್ತು. ಹೊಸದಾಗಿ ಬಂದದ್ದು ಅದರ ಬಿಲ್ಲು ಯಾರ ಹೆಸರಿಗೆ ಎಂಬ ತೀರ್ಮಾನ.

ಸೂಜಿ ಮಾತ್ರ ಹಾಗೇ ಉಳಿಯಿತು. ನಿಯಮದಲ್ಲಿ 'ತಾಂತ್ರಿಕ ನಿಯಂತ್ರಣ' ಎಂಬ ಪದವಿತ್ತು, ಸುರಕ್ಷಿತ ಸೂಜಿಯನ್ನೇ ಕೊಳ್ಳಿ ಎಂಬ ಆಜ್ಞೆ ಇರಲಿಲ್ಲ. ಬಳಸಿದೊಡನೆ ಸೂಜಿ ಒಳಗೆ ಸೇರುವ ಸಿರಿಂಜು, ಮೊನೆಯ ಮೇಲೆ ಕವಚ ಜಾರುವ ಡ್ರಿಪ್ ಸೂಜಿ ಎಲ್ಲ ತಯಾರಾಗಿದ್ದವು, ಪೇಟೆಂಟೂ ಆಗಿದ್ದವು. ಮಾಮೂಲಿ ಸಿರಿಂಜಿಗೆ ಕೆಲವು ಸೆಂಟ್. ಇವಕ್ಕೆ ಅದರ ಹಲವು ಪಟ್ಟು. ಟೆಕ್ಸಾಸ್‌ನ ಥಾಮಸ್ ಶಾ ಎಂಬ ಎಂಜಿನಿಯರ್ ತನ್ನ ಸಿರಿಂಜನ್ನು ಆಸ್ಪತ್ರೆಗಳಿಗೆ ಮಾರಲು ಹೋದರೆ, ದೊಡ್ಡ ಕಂಪನಿ ಮತ್ತು ಖರೀದಿ ಒಕ್ಕೂಟಗಳ ನಡುವಿನ ದೀರ್ಘಾವಧಿ ಒಪ್ಪಂದಗಳು ಬಾಗಿಲು ಮುಚ್ಚಿವೆ ಎಂದು 1998ರಲ್ಲಿ ದಾವೆ ಹೂಡಿದರು. 2004ರಲ್ಲಿ ಬೆಕ್ಟನ್ ಡಿಕಿನ್ಸನ್ ಕಂಪನಿ 10 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಜಗಳದ ಮೇಲೆ ಒಂದು ಹಾಲಿವುಡ್ ಸಿನಿಮಾವೂ ಬಂದಿದೆ. ಅದನ್ನು ಇಲ್ಲಿಗೆ ಬಿಡೋಣ.

ಕಾನೂನನ್ನು ಮುಂದಕ್ಕೆ ತಳ್ಳಿದವರು ಚುಚ್ಚಿಸಿಕೊಂಡವರೇ. ಪೆನ್ಸಿಲ್ವೇನಿಯಾದ ನರ್ಸ್ ಲಿಂಡಾ ಆರ್ನಲ್ಡ್‌ಗೆ 1992ರಲ್ಲಿ 23 ವರ್ಷ. ಡ್ರಿಪ್ ಹಾಕುವಾಗ ರೋಗಿ ಕೈ ಎಳೆದುಕೊಂಡದ್ದರಿಂದ ಸೂಜಿ ಆಕೆಯ ಅಂಗೈಗೆ ಹೊಕ್ಕಿತು, ಎಚ್‌ಐವಿ ಬಂತು. ಆಕೆ ತಮ್ಮ ಹೆಸರು ಮುಚ್ಚಿಡದೆ ಊರೂರು ತಿರುಗಿ, ಸುರಕ್ಷಿತ ಸೂಜಿ ಕೊಳ್ಳುತ್ತೇವೆಂದು ಆಸ್ಪತ್ರೆಗಳಿಂದ ಮಾತು ಪಡೆಯತೊಡಗಿದರು. 1998ರ ಏಪ್ರಿಲ್‌ನಲ್ಲಿ 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್' ಸೂಜಿ ಉದ್ಯಮದ ಬಗ್ಗೆ ಸರಣಿ ಲೇಖನ ಹೊರತಂದಿತು. ಅದೇ ಸೆಪ್ಟೆಂಬರ್‌ಗೆ ಕ್ಯಾಲಿಫೋರ್ನಿಯಾ ಸುರಕ್ಷಿತ ಸೂಜಿಯನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯವಾಯಿತು.

ಆ ವರ್ಷ ಜುಲೈನಲ್ಲಿ ಬಾಸ್ಟನ್‌ನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕ್ಯಾರೆನ್ ಡೇಲಿ ಎಂಬ ಹಿರಿಯ ನರ್ಸ್ ರೋಗಿಯೊಬ್ಬರ ರಕ್ತ ತೆಗೆದರು. ಗ್ಲೌಸ್ ಹಾಕಿದ್ದರು. ಮುಚ್ಚಳ ಹಾಕುವ ತಪ್ಪು ಮಾಡಲಿಲ್ಲ. ನಿಯಮದಲ್ಲಿ ಹೇಳಿದಂತೆ ಸೂಜಿಯನ್ನು ನೇರವಾಗಿ ಗೋಡೆಯ ಡಬ್ಬಿಗೆ ಹಾಕಿದರು. ಡಬ್ಬಿ ತುಂಬಿತ್ತು, ಮೊದಲೇ ಯಾರೋ ಹಾಕಿದ್ದ ಸೂಜಿಯೊಂದು ಮೊನೆ ಮೇಲಾಗಿ ನಿಂತಿತ್ತು. ತೋರುಬೆರಳಿಗೆ ಚುಚ್ಚಿತು. ಕೆಲವು ತಿಂಗಳಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಇವೆಯೆಂದು ಗೊತ್ತಾಯಿತು. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಆದದ್ದು ಇದು. ಡೇಲಿ ಆಗ ಮ್ಯಾಸಚೂಸೆಟ್ಸ್ ನರ್ಸ್‌ಗಳ ಸಂಘದ ಅಧ್ಯಕ್ಷೆ. 2000ದ ಜೂನ್‌ನಲ್ಲಿ ಅವರು ಕಾಂಗ್ರೆಸ್ ಸಮಿತಿಯ ಮುಂದೆ ಕೂತು ಈ ಕಥೆ ಹೇಳಿದರು. ರಿಪಬ್ಲಿಕನ್ ಪಕ್ಷದ ಕ್ಯಾಸ್ ಬ್ಯಾಲೆಂಜರ್, ಡೆಮಾಕ್ರಾಟ್ ಮೇಜರ್ ಓವೆನ್ಸ್ ಜೊತೆಗೂಡಿ ತಂದ ಮಸೂದೆ ಅಕ್ಟೋಬರ್‌ನಲ್ಲಿ ಎರಡೂ ಸದನಗಳಲ್ಲಿ ವಿರೋಧವಿಲ್ಲದೆ ಪಾಸಾಯಿತು. ನವೆಂಬರ್ 6ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಸಂಘಗಳು ಓಶಾದ ಬಾಗಿಲು ತಟ್ಟಿ ಹದಿನಾಲ್ಕು ವರ್ಷವಾಗಿತ್ತು.

ಆ ಕಾನೂನಿನಲ್ಲಿ ಎರಡು ಅಂಶಗಳಿವೆ. ಉಳಿದೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅವೇ. ಯಾವ ಸುರಕ್ಷಿತ ಸಾಧನ ಕೊಳ್ಳಬೇಕು ಎಂದು ತೀರ್ಮಾನಿಸುವ ಮುಂಚೆ, ಮೇಲ್ವಿಚಾರಕರಲ್ಲದ, ರೋಗಿಯ ಪಕ್ಕದಲ್ಲಿ ನಿಂತು ಅದನ್ನು ಬಳಸುವ ನೌಕರರನ್ನು ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ಎರಡನೆಯದು, ಚುಚ್ಚಿದ ಗಾಯಗಳಿಗೆಂದೇ ಒಂದು ದಾಖಲೆ ಪುಸ್ತಕ. ಅದರಲ್ಲಿ ಸಾಧನದ ಬಗೆ ಮತ್ತು ಬ್ರಾಂಡ್ ಬರೆಯಬೇಕು. ಯಾವ ವಿಭಾಗದಲ್ಲಿ, ಹೇಗಾಯಿತು ಎಂದು ಬರೆಯಬೇಕು. ಗಾಯಗೊಂಡವರ ಗುರುತು ಮಾತ್ರ ಹೊರಬೀಳಬಾರದು. ಹಿಂದೆ ನರ್ಸ್‌ನ ಹೆಸರು ಇದ್ದ ಜಾಗಕ್ಕೆ ಈಗ ಕಂಪನಿಯ ಹೆಸರು ಬಂತು.

2001ರಲ್ಲಿ ಕಾನೂನು ಜಾರಿಯಾದಾಗ ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥ ಗಾಯಗಳು ಸುಮಾರು ಶೇ 38ರಷ್ಟು ಇಳಿದವೆಂದು ಜ್ಯಾಗರ್ ಮತ್ತವರ ಸಹೋದ್ಯೋಗಿಗಳು ಆಮೇಲೆ ಲೆಕ್ಕ ಕೊಟ್ಟರು. ಕೆಲಸದಿಂದಲೇ ಎಚ್‌ಐವಿ ಬಂತೆಂದು ಅಲ್ಲಿ ಖಚಿತವಾದ 58 ಪ್ರಕರಣಗಳಲ್ಲಿ 1999ರ ನಂತರದ್ದು ಒಂದೇ ಒಂದು. ಇದರಲ್ಲಿ ಎಚ್‌ಐವಿ ಔಷಧಿಗಳ ಪಾಲೂ ದೊಡ್ಡದು. ಚುಚ್ಚಿದೊಡನೆ ಔಷಧಿ ಶುರುಮಾಡಿದರೆ ಅಪಾಯ ಬಹಳ ತಗ್ಗುತ್ತದೆಂದು 1990ರ ದಶಕದಲ್ಲೇ ತಿಳಿದಿತ್ತು. ತಗ್ಗದೆ ಉಳಿದ ಒಂದು ಜಾಗವೆಂದರೆ ಆಪರೇಷನ್ ಥಿಯೇಟರ್. ಬೇರೆಲ್ಲ ವಿಭಾಗಗಳಲ್ಲಿ ಗಾಯ ಮೂರನೇ ಒಂದು ಪಾಲು ಇಳಿದರೆ ಅಲ್ಲಿ ಸ್ವಲ್ಪ ಏರಿತು. ಸ್ನಾಯು ಹೊಲಿಯಲು ಮೊಂಡು ತುದಿಯ ಸೂಜಿ ಸಾಕು ಎಂದರೂ ಶಸ್ತ್ರಚಿಕಿತ್ಸಕರು ಅಭ್ಯಾಸ ಬಿಡಲಿಲ್ಲ. ತಮ್ಮ ಸಾಧನವನ್ನು ತಾವೇ ಆರಿಸಿಕೊಳ್ಳುವ ಅಧಿಕಾರ ಎಲ್ಲರಿಗಿಂತ ಹೆಚ್ಚಾಗಿ ಇದ್ದವರು ಅವರೇ. ಸೂಜಿಮೊನೆಯಷ್ಟೂ ಬಿಟ್ಟುಕೊಡೆನೆಂಬ ಹಟ ದುರ್ಯೋಧನನೊಂದಿಗೇ ಮುಗಿದಿಲ್ಲ.

ಭಾರತದ ಕಥೆ ಬೇರೆ ದಾರಿ ಹಿಡಿಯಿತು. 1997ರಲ್ಲಿ ಹೈದರಾಬಾದ್‌ನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ಹೆಪಟೈಟಿಸ್ ಬಿ ಲಸಿಕೆ ತಯಾರಿಸಿದ್ದರಿಂದ, ಆಮದು ಲಸಿಕೆಯ ಬೆಲೆಗೆ ಕೈಚೆಲ್ಲಿದ್ದ ನರ್ಸಿಂಗ್ ಹೋಮ್‌ಗಳಿಗೂ ಅದು ಎಟುಕಿತು. ಮಕ್ಕಳ ಲಸಿಕೆ ಕಾರ್ಯಕ್ರಮದಲ್ಲಿ ಒಮ್ಮೆ ಬಳಸಿದರೆ ಲಾಕ್ ಆಗುವ ಸಿರಿಂಜು ಬಂತು, ಸೂಜಿ ಕತ್ತರಿಸುವ ಹಬ್ ಕಟರ್ ಬಂತು. ಲಾಕ್ ಆಗುವ ಸಿರಿಂಜು ಕಾಪಾಡುವುದು ಮುಂದಿನ ಮಗುವನ್ನು. ಕೈಯಲ್ಲಿ ಹಿಡಿದ ಸಿಸ್ಟರ್‌ಗೆ ಅದರ ಮೊನೆ ಮೊದಲಿನಷ್ಟೇ ಚೂಪು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸಾರ್ವತ್ರಿಕ ಮುನ್ನೆಚ್ಚರಿಕೆಯನ್ನೂ ಚುಚ್ಚಿದ ಮೇಲಿನ ಔಷಧಿಯನ್ನೂ ಸಂಸ್ಥೆಗಳ ಹೊಣೆ ಎಂದು ಬರೆಯಿತು. ಮನೆಮನೆಯ ಇನ್ಸುಲಿನ್ ಸೂಜಿ ಬೆಳಿಗ್ಗೆ ಪೌರಕಾರ್ಮಿಕರ ಕೈಗೆ ಬರುವುದರಿಂದ ಬಳಸಿದ ಸೂಜಿಯನ್ನು 'ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ'ದ ಪಟ್ಟಿಗೆ ಸೇರಿಸಿದ್ದು 2016ರ ಘನತ್ಯಾಜ್ಯ ನಿಯಮ.

ಆಸ್ಪತ್ರೆಯ ಸೂಜಿಗಳ ಪಾಲಿಗೆ ಮುಖ್ಯವಾದದ್ದು ಅದೇ 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ. ಚೂಪು ವಸ್ತುಗಳಿಗೆ ತೂತಾಗದ ಬಿಳಿ ಡಬ್ಬಿ, ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಎಲ್ಲ ಅದರಲ್ಲಿವೆ. 'ದೊಡ್ಡ ಅಪಘಾತ' ಯಾವುದು ಎಂಬ ವ್ಯಾಖ್ಯೆಯೂ ಇದೆ. ತ್ಯಾಜ್ಯದ ಲಾರಿ ಮಗುಚುವುದು, ತ್ಯಾಜ್ಯ ಕೆರೆ ಹೊಳೆ ಸೇರುವುದು ದೊಡ್ಡ ಅಪಘಾತ. ಸೂಜಿ ಚುಚ್ಚುವುದು ಅದರಲ್ಲಿ ಸೇರುವುದಿಲ್ಲ ಎಂದು ಬಿಡಿಸಿ ಬರೆದಿದ್ದಾರೆ. ಅಂಥವುಗಳ ವಿವರ ಪ್ರತಿ ವರ್ಷ ಜೂನ್ 30ರೊಳಗೆ ಆಸ್ಪತ್ರೆಗಳು ಸಲ್ಲಿಸುವ ವಾರ್ಷಿಕ ವರದಿಗೆ ಹೋಗಬೇಕು. ಆ ನಮೂನೆಯಲ್ಲಿ ಎಷ್ಟು ಅಪಘಾತ, ಎಷ್ಟು ಮಂದಿಗೆ ತೊಂದರೆ, ಏನು ಪರಿಹಾರ ಕ್ರಮ, ಸಾವು ಸಂಭವಿಸಿದೆಯೇ ಎಂಬ ಕಾಲಮ್‌ಗಳಿವೆ. ಯಾವ ಬಗೆಯ ಸೂಜಿ, ಯಾವ ಕಂಪನಿಯದು ಎಂಬ ಕಾಲಮ್ ಇಲ್ಲ.